ಪೆನ್ಸಿಲ್ಲಿನ ಹದಿನೇಳು

ಎರಡು ಸಾವಿರಕ್ಕೆ ಒಂಬೈನೂರ ತೊಂಬತ್ತೈದು. ಡಿಗ್ರಿಯ ಮೂರು ವರ್ಷದಲ್ಲಿ ನಾನು ಗಳಿಸಿದ ಒಟ್ಟು ಅಂಕ ಇದು. ಶೇಕಡಾ ಲೆಕ್ಕ ಹಾಕಿದರೆ ನಲವತ್ತೊಂಬತ್ತು ಮುಕ್ಕಾಲು. ನಲವತ್ತೊಂಬತ್ತು ಮುಕ್ಕಾಲು ಐವತ್ತಲ್ಲ ಎಂದು ನನಗೆ, ಹದಿನಾಲ್ಕು ವರ್ಷದಿಂದ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿರುವವಳಿಗೆ, ಆ ಮಂಗಳವಾರ ಬೆಳಿಗ್ಗೆ ಶಿಕ್ಷಣ ಕಚೇರಿಯ ಒಬ್ಬ ಗುಮಾಸ್ತ ಬಹಳ ಸಮಾಧಾನವಾಗಿ ವಿವರಿಸಿದ.

ನಿಯಮ ಹೊಸದು. ಇಷ್ಟು ವರ್ಷ ಡಿಗ್ರಿ ಇದ್ದು ತರಬೇತಿ ಮುಗಿಸಿದ್ದರೆ ಸಾಕಿತ್ತು, ಎಷ್ಟು ಅಂಕ ಎಂದು ಯಾರೂ ಕೇಳುತ್ತಿರಲಿಲ್ಲ. ಈಗ ಪಾಠ ಮಾಡುವ ಪ್ರತಿಯೊಬ್ಬರಿಗೂ ಅರ್ಹತಾ ಪತ್ರ ಬೇಕು. ಪತ್ರ ಬೇಕಾದರೆ ಡಿಗ್ರಿಯಲ್ಲಿ ಶೇಕಡಾ ಐವತ್ತು ಇರಬೇಕು. ಇಲ್ಲದವರು ಶುಕ್ರವಾರ ಸಂಜೆಯ ತನಕ ಟೀಚರು, ಶನಿವಾರದಿಂದ ಯಾರೂ ಅಲ್ಲ. ನಮ್ಮ ಶಾಲೆಯಲ್ಲಿ ಆ ಪಟ್ಟಿಯಲ್ಲಿದ್ದವಳು ನಾನೊಬ್ಬಳೇ.

"ಕಾಲು ಪರ್ಸೆಂಟ್ ಸಾರ್. ಮೇಲಕ್ಕೆ ಹಾಕ್ಕೊಳೋಕೆ ಆಗಲ್ವಾ?" ಎಂದು ಕೇಳಿದೆ.

"ಮೇಡಂ, ನಿಮ್ಮ ಕ್ಲಾಸಲ್ಲಿ ಒಬ್ಬ ಹುಡುಗ ಕಾಲು ಮಾರ್ಕಲ್ಲಿ ಫೇಲಾದ್ರೆ ನೀವೇನ್ಮಾಡ್ತೀರ?"

"ಪಾಸ್ ಮಾಡ್ತೀನಿ."

"ಅದಕ್ಕೇ ನೀವಲ್ಲಿದ್ದೀರ, ನಾನಿಲ್ಲಿದ್ದೀನಿ" ಎಂದು ನಕ್ಕ.

ನನಗೆ ನಗು ಬರಲಿಲ್ಲ. ಆ ಕೋಣೆಯಲ್ಲಿ ಕಡತಗಳು ಗೋಡೆಗೆ ಆನಿಸಿ ಎದೆಮಟ್ಟಕ್ಕೆ ಪೇರಿಸಿದ್ದವು. ಅವುಗಳಲ್ಲಿ ನನ್ನಂಥ ಎಷ್ಟು ಮಂದಿಯ ಹಣೆಬರಹ ಇತ್ತೋ ಗೊತ್ತಿಲ್ಲ. ನಾನು ಎದ್ದು ಹೋಗದೆ ಅಲ್ಲೇ ಕುಳಿತಿದ್ದೆ. ಎದ್ದು ಹೋದರೆ ಮುಗಿದುಹೋಯಿತು ಎಂದು ಒಪ್ಪಿಕೊಂಡಂತೆ ಆಗುತ್ತದೆ ಎಂದು ಭಯವಾಗಿತ್ತು. ನನಗೆ ಬೇರೆ ಕೆಲಸ ಬರುವುದಿಲ್ಲ. ಬಂದರೂ ಬೇಡ. ಭಿನ್ನರಾಶಿ ಅರ್ಥವಾಗದೆ ಅಳುತ್ತಿದ್ದ ಮಗು ಒಂದು ದಿನ ಥಟ್ಟನೆ ತಲೆಯೆತ್ತಿ ನೋಡುತ್ತದಲ್ಲ, ಆ ನೋಟಕ್ಕಾಗಿ ನಾನು ಹದಿನಾಲ್ಕು ವರ್ಷ ಬೆಳಿಗ್ಗೆ ಎದ್ದಿದ್ದೇನೆ.

ಅವನಿಗೂ ನನ್ನನ್ನು ಎಬ್ಬಿಸುವ ದಾರಿ ಹೊಳೆಯಲಿಲ್ಲವೇನೋ, ನನ್ನ ಅಂಕಪಟ್ಟಿಯನ್ನು ಮತ್ತೆ ಎತ್ತಿಕೊಂಡ. ಎರಡನೇ ವರ್ಷದ ಸಾಲುಗಳ ಮೇಲೆ ಬೆರಳು ಓಡಿಸಿ ಮುಖ ಸಿಂಡರಿಸಿದ. ಆ ವರ್ಷ ಅಪ್ಪ ಆಸ್ಪತ್ರೆಯಲ್ಲಿದ್ದರು. ನಾನು ಪರೀಕ್ಷೆಗೆ ಓದಿದ್ದು ಅವರ ವಾರ್ಡಿನ ಹೊರಗಿನ ಬೆಂಚಿನ ಮೇಲೆ. ಪಾಸಾದದ್ದೇ ಪುಣ್ಯ. ಅವನು ಮೂರನೇ ವರ್ಷಕ್ಕೆ ಬಂದು ನಿಂತ.

"ಇದೇನ್ ಮೇಡಂ ಇದು? ಗಣಿತದಲ್ಲಿ ಬರೆದ ಪರೀಕ್ಷೆಗೆ ಎಂಬತ್ತಕ್ಕೆ ಅರವತ್ತಾರು. ಆಂತರಿಕ ಅಂಕ ಮಾತ್ರ ಇಪ್ಪತ್ತಕ್ಕೆ ಹನ್ನೆರಡು. ಉಳಿದ ಮೇಷ್ಟ್ರುಗಳೆಲ್ಲ ಹದಿನಾರು, ಹದಿನೇಳು ಕೊಟ್ಟಿದ್ದಾರೆ. ಈ ಗಣಿತದ ಮೇಷ್ಟ್ರಿಗೂ ನಿಮಗೂ ಆಗ್ತಿರಲಿಲ್ವಾ?"

"ಅವರು ನನ್ನ ಸೋದರಮಾವ" ಎಂದೆ.

ಅವನು ಅಂಕಪಟ್ಟಿಯನ್ನು ಕೆಳಗಿಟ್ಟು ನನ್ನನ್ನು ನೋಡಿದ. ಆಮೇಲೆ ತುಸು ದನಿ ತಗ್ಗಿಸಿ ಹೇಳಿದ: ಅಂಕ ಕೊಟ್ಟ ಮೇಷ್ಟ್ರು ಬದುಕಿದ್ದರೆ, ಅಂಕದಲ್ಲಿ ತಪ್ಪಾಗಿದೆ ಎಂದು ತಮ್ಮ ಕೈಯಾರೆ ಹೇಳಿಕೆ ಬರೆದುಕೊಟ್ಟರೆ, ಕಾಲೇಜಿನ ರಿಜಿಸ್ಟರಿನ ಪ್ರತಿ ಜೊತೆಗಿದ್ದರೆ, ತಿದ್ದುಪಡಿಗೆ ಅವಕಾಶವಿದೆ. ಗುರುವಾರ ಸಂಜೆಯೊಳಗೆ ತರಬೇಕು. ನನಗೆ ಬೇಕಿದ್ದದ್ದು ಐದೇ ಐದು ಅಂಕ. ಮುಳುಗುವವಳಿಗೆ ಹುಲ್ಲುಕಡ್ಡಿ ಸಿಕ್ಕಿತ್ತು. ನಾನು ಓಡಿದೆ.

*

ನನ್ನ ಆ ಹನ್ನೆರಡು ಅಂಕ ನಮ್ಮ ಮನೆತನದ ದೊಡ್ಡ ಕಥೆ. ಮಾವನನ್ನು ಕಾಲೇಜಿನಲ್ಲಿ ಎಲ್ಲರೂ ತಕ್ಕಡಿ ಮೇಷ್ಟ್ರು ಎನ್ನುತ್ತಿದ್ದರು. ಅಷ್ಟು ಕಟ್ಟುನಿಟ್ಟು. ನೆಂಟರು ನಾಲ್ಕು ಜನ ಸೇರಿದರೆ ಸಾಕು, ಅಮ್ಮ ಶುರು ಮಾಡುತ್ತಿದ್ದಳು: "ನಮ್ಮ ತಮ್ಮ ಸ್ವಂತ ಅಕ್ಕನ ಮಗಳಿಗೇ ಹನ್ನೆರಡು ಕೊಟ್ಟವನು ಕಣ್ರೀ! ಬೇರೆಯವರಾಗಿದ್ರೆ ಇಪ್ಪತ್ತಕ್ಕೆ ಇಪ್ಪತ್ತೂ ಸುರೀತಿದ್ರು." ಎಲ್ಲರೂ ನನ್ನ ಕಡೆ ತಿರುಗಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಹದಿನೆಂಟು ವರ್ಷ ನಕ್ಕಿದ್ದೇನೆ.

ಮಾವ ಮದುವೆಯಾಗಲಿಲ್ಲ. ತಕ್ಕಡಿಗೆ ಸರಿಸಮ ತೂಗುವ ಹೆಣ್ಣು ಸಿಗಲಿಲ್ಲ ಎಂದು ಅಮ್ಮ ಹಂಗಿಸುತ್ತಾಳೆ. ನಿವೃತ್ತಿಯಾದ ಮೇಲೆ ಅಕ್ಕ ತಮ್ಮ ಒಂದೇ ಮನೆಯಲ್ಲಿದ್ದಾರೆ, ನನ್ನ ಮನೆಯಿಂದ ಎರಡು ಬೀದಿ ಆಚೆ. ನಾನು ಏದುಸಿರು ಬಿಡುತ್ತ ಹೋದಾಗ ಮಾವ ಕಿಟಕಿಯ ಪಕ್ಕ ಕುಳಿತು ಬ್ಲೇಡಿನಲ್ಲಿ ಪೆನ್ಸಿಲ್ ಹೆರೆಯುತ್ತಿದ್ದರು. ಎಪ್ಪತ್ತಾರು ವರ್ಷದ ಕೈ, ಆದರೂ ಮೊನೆ ಸೂಜಿಯಂತೆ ಬರಬೇಕು ಅವರಿಗೆ. ನಾನು ನಿಂತಲ್ಲಿಯೇ ಎಲ್ಲವನ್ನೂ ಹೇಳಿದೆ.

"ಅಂಕ ಕೊಡೋದಲ್ಲ, ಬರೋದು. ನಿನಗೆ ಬಂದಿದ್ದೇ ಅಷ್ಟು" ಎಂದರು ಮಾವ, ತಲೆಯೆತ್ತದೆ.

"ಮಾವ, ಬರೆದ ಪರೀಕ್ಷೆಲಿ ಇಡೀ ಕ್ಲಾಸಿಗೆ ನನ್ನದೇ ಹೆಚ್ಚು. ಆಂತರಿಕದಲ್ಲಿ ಮಾತ್ರ ಹನ್ನೆರಡು ಹೇಗೆ ಬರುತ್ತೆ?"

"ಹದಿನೆಂಟು ವರ್ಷ ಆದ್ಮೇಲೆ ಕೇಳ್ತಿದ್ದೀಯ."

"ಆಗ ಕೇಳೋ ಧೈರ್ಯ ಇರ್ಲಿಲ್ಲ. ಈಗ ಬೇರೆ ದಾರಿ ಇಲ್ಲ."

ಅಮ್ಮ ಒಳಗಿನಿಂದ ಬಂದಳು. "ಅವನ ಹತ್ರ ಅಂಥ ಮಾತಾಡ್ಬೇಡ ಕಣೇ. ಅವನು ಯಾರಿಗೂ ಒಂದು ಮಾರ್ಕ್ ಹೆಚ್ಚೂ ಕೊಟ್ಟವನಲ್ಲ, ಕಮ್ಮಿನೂ ಕೊಟ್ಟವನಲ್ಲ."

ಮಾವ ಹೆರೆದ ಚೂರುಗಳನ್ನು ಹಳೆಯ ಕಾಗದಕ್ಕೆ ಒಟ್ಟುಮಾಡಿ ಮಡಚಿದರು. ಅವರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆದರೆ ಅವರು ಆ ಪೆನ್ಸಿಲನ್ನು ಎರಡನೇ ಸಲ ಹೆರೆಯಲು ಶುರು ಮಾಡಿದ್ದನ್ನು ನಾನು ನೋಡಿದೆ. ಮೊನೆ ಆಗಲೇ ಚೂಪಾಗಿತ್ತು.

*

ಬುಧವಾರ ರಜೆ ಹಾಕಿ ನಾನು ಓದಿದ ಕಾಲೇಜಿಗೆ ಹೋದೆ. ರಿಜಿಸ್ಟರುಗಳನ್ನು ನೋಡಿಕೊಳ್ಳುವ ಹೆಂಗಸು ದಪ್ಪ ಕನ್ನಡಕದವರು, ಮಾವನ ಹೆಸರು ಹೇಳಿದ ಕೂಡಲೇ ಎದ್ದು ನಿಂತರು. "ತಕ್ಕಡಿ ಮೇಷ್ಟ್ರ ಕಡೆಯವರಾ? ಕೂತ್ಕೊಳಿ ಕೂತ್ಕೊಳಿ" ಎಂದು ಮೇಲಿನ ಅಟ್ಟದಿಂದ ಬಟ್ಟೆ ಹೊದಿಸಿದ ಪುಸ್ತಕವನ್ನು ಇಳಿಸಿ, ಧೂಳು ಕೊಡವಿ, ನನ್ನ ಮುಂದಿಟ್ಟರು.

ಮಾವನಿಗೆ ಅಂಕ ಬರೆಯುವ ಒಂದು ಪದ್ಧತಿ ಇತ್ತು. ನಾನು ಟೀಚರಾದಾಗ ನನಗೂ ಅದನ್ನೇ ಕಲಿಸಿದ್ದರು. ಮೊದಲು ಚೌಕದ ಎಡಮೂಲೆಯಲ್ಲಿ ಸಣ್ಣಗೆ ಪೆನ್ಸಿಲ್ಲಿನಲ್ಲಿ ಬರೆಯಬೇಕು. ಒಂದು ರಾತ್ರಿ ನಿದ್ದೆ ಮಾಡಬೇಕು. ಬೆಳಿಗ್ಗೆ ಎದ್ದು ಇನ್ನೊಮ್ಮೆ ನೋಡಿ, ಮನಸ್ಸು ಒಪ್ಪಿದರೆ ಚೌಕದ ನಡುವೆ ಇಂಕಿನಲ್ಲಿ ಬರೆದು ಪೆನ್ಸಿಲ್ ಅಳಿಸಬೇಕು. ಕೋಪದಲ್ಲೋ ಮೋಹದಲ್ಲೋ ಅಂಕ ಬೀಳಬಾರದು ಎಂದು ಆ ಒಂದು ರಾತ್ರಿ. ಹದಿನಾಲ್ಕು ವರ್ಷ ನಾನು ಅದನ್ನು ತಪ್ಪಿಸಿಲ್ಲ.

ನನ್ನ ಸಾಲು ಸಿಕ್ಕಿತು. ನಡುವೆ ಇಂಕಿನ ಹನ್ನೆರಡು, ಮುತ್ತು ಪೋಣಿಸಿದ ಹಾಗೆ. ಎಡಮೂಲೆ ಖಾಲಿ. ಆದರೆ ಮಾವ ಒತ್ತಿ ಬರೆಯುವವರು. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದೆ. ಮೂಲೆಯಲ್ಲಿ ಒಂದು ತಗ್ಗು ಕಂಡಿತು.

ಮಕ್ಕಳು ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಚಿತ್ರ ತೆಗೆಯುತ್ತಾರಲ್ಲ, ಆ ಆಟ ನೆನಪಾಯಿತು. ಆ ಹೆಂಗಸಿನ ಹತ್ತಿರ ಒಂದು ತೆಳು ಹಾಳೆ ಕೇಳಿದೆ. ಮೂಲೆಯ ಮೇಲಿಟ್ಟು ಪೆನ್ಸಿಲನ್ನು ಮಲಗಿಸಿ ಮೆಲ್ಲಗೆ ಉಜ್ಜಿದೆ. ಬೂದುಬಣ್ಣದ ನಡುವೆ ಬಿಳಿಯಾಗಿ ಎರಡು ಅಂಕಿ ಎದ್ದವು: ಹದಿನೇಳು.

ಪಕ್ಕದವರ ಚೌಕಗಳ ಮೇಲೂ ಉಜ್ಜಿದೆ. ಒಬ್ಬನಿಗೆ ಪೆನ್ಸಿಲ್ಲಿನಲ್ಲಿ ಹದಿನಾಲ್ಕು, ಇಂಕಿನಲ್ಲಿ ಹದಿನಾಲ್ಕು. ಇನ್ನೊಬ್ಬಳಿಗೆ ಹದಿನೈದು, ಹದಿನೈದು. ಒಬ್ಬ ಸೋಮಾರಿಗೆ ಒಂಬತ್ತು, ಒಂಬತ್ತು. ಇಡೀ ಪುಟದಲ್ಲಿ ರಾತ್ರಿ ಒಂದು, ಬೆಳಿಗ್ಗೆ ಇನ್ನೊಂದು ಆದವಳು ನಾನೊಬ್ಬಳೇ.

ಆ ಪುಟವನ್ನೇ ಪರಪರ ಹರಿದುಹಾಕಬೇಕು ಎನಿಸಿತು. ಜೊತೆಗೆ ಕುಣಿದಾಡುವಷ್ಟು ಸಂತೋಷವೂ ಆಯಿತು. ಆ ಹೆಂಗಸು ಪುಟದ ಪ್ರತಿ ತೆಗೆದು ಮೊಹರು ಹಾಕಿಕೊಟ್ಟರು. "ಮೇಷ್ಟ್ರಿಗೆ ನನ್ನ ನಮಸ್ಕಾರ ಹೇಳಿ. ಅಂಥವರು ಈಗ ಹುಡುಕಿದ್ರೂ ಸಿಗಲ್ಲ" ಎಂದರು.

*

ಬೂದುಬಣ್ಣದ ಆ ಹಾಳೆಯನ್ನು ಮಾವನ ಮುಂದೆ ಹಾಸಿದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬಹಳ ಹೊತ್ತು ನೋಡಿದರು. ಅಮ್ಮ ಅವರ ಭುಜದ ಹಿಂದೆ ನಿಂತು ಬಗ್ಗಿ ನೋಡಿದಳು.

"ಇದು ನಿನ್ನ ಏಳು ಅಲ್ವೇನೋ?" ಎಂದಳು ಅಮ್ಮ. ಮಾವನ ಏಳಿಗೆ ಒಂದು ಬಾಲವಿರುತ್ತದೆ, ಬೇರೆ ಯಾರೂ ಹಾಗೆ ಬರೆಯುವುದಿಲ್ಲ.

"ನಂದೇ ಅಕ್ಕ" ಎಂದರು ಮಾವ.

ಅಮ್ಮ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಮಾವ ನನ್ನತ್ತ ನೋಡದೆ ಹೇಳಿದರು: "ಆ ವರ್ಷ ಸ್ಟಾಫ್ ರೂಮಲ್ಲಿ ಒಬ್ಬರು ಅಂದ್ರು, ಈ ಸಲ ಗಣಿತದಲ್ಲಿ ಮೊದಲನೇ ಸ್ಥಾನ ಮೇಷ್ಟ್ರ ಮನೆಗೇ ಹೋಗುತ್ತೆ ಬಿಡಿ ಅಂತ. ತಮಾಷೆಗೆ ಅಂದ್ರು. ನಾನೂ ನಕ್ಕೆ. ಮನೆಗೆ ಬಂದು ಹದಿನೇಳು ಬರೆದು ಮಲಗಿದೆ. ನಿದ್ದೆ ಬರ್ಲಿಲ್ಲ. ಬೆಳಿಗ್ಗೆ ಎದ್ದು ಹನ್ನೆರಡು ಬರೆದೆ."

"ಕಮ್ಮಿ ಮಾಡ್ಲೇಬೇಕು ಅಂದಿದ್ರೆ ಹದಿನಾರು ಬರೀಬಹುದಿತ್ತಲ್ಲ ಮಾವ? ಹದಿನಾರಾಗಿದ್ರೂ ಇವತ್ತು ಒಂದೇ ಮಾರ್ಕಿಗೆ ಬೇಡ್ತಿದ್ದೆ."

"ಹದಿನಾರು ಬರೆದಿದ್ರೆ ಯಾರ ಕಣ್ಣಿಗೂ ಬೀಳ್ತಿರಲಿಲ್ಲ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಇಷ್ಟು ವರ್ಷ ಜನರ ಬಾಯಲ್ಲಿ ಓಡಾಡಿದ ಆ ಕಥೆಗಾಗಿ, ಆ ಹೊಗಳಿಕೆಗಾಗಿ, ನನ್ನ ಐದು ಅಂಕ ಖರ್ಚಾಗಿತ್ತು. ಮನೆಗೆ ಮಾರಿ, ಪರರಿಗೆ ಉಪಕಾರಿ ಎನ್ನುವುದು ಇಂಥವರಿಗೇ. ಬಾಯಿಗೆ ಬಂದದ್ದನ್ನು ಅಂದುಬಿಡುತ್ತಿದ್ದೆ. ಆದರೆ ನನಗೆ ಅವರ ಕೈಬರಹ ಬೇಕಿತ್ತು. ಸಿಟ್ಟು ನುಂಗಿಕೊಂಡು ಅವರ ಕುರ್ಚಿಯ ಪಕ್ಕ ನೆಲದ ಮೇಲೆ ಕುಳಿತೆ, ಚಿಕ್ಕವಳಿದ್ದಾಗ ಲೆಕ್ಕ ಹೇಳಿಸಿಕೊಳ್ಳಲು ಕೂರುತ್ತಿದ್ದಂತೆ.

"ಮಾವ, ಅದೆಲ್ಲ ಹೋಗ್ಲಿ. ತಪ್ಪಾಗಿದೆ ಅಂತ ಎರಡೇ ಎರಡು ಸಾಲು ಬರ್ಕೊಡಿ. ನಾಳೆನೇ ಕೊನೆ ದಿನ. ಇದೊಂದು ಬಿಟ್ರೆ ನಂಗೆ ಇನ್ನೇನೂ ಉಳಿದಿಲ್ಲ."

"ಎರಡು ಸಾಲಲ್ಲಿ ಆಗೋ ಮಾತಲ್ಲ ಇದು" ಎಂದರು.

ಒಂದು ಗಂಟೆ ಬರೆದರು. ಎರಡು ಸಲ ಹರಿದು ಹಾಕಿ ಮತ್ತೆ ಬರೆದರು. ಅಮ್ಮ ಚಹಾ ತಂದಿಟ್ಟಳು, ಅದು ಆರಿ ಕೆನೆಗಟ್ಟಿತು. ಮುಗಿದ ಮೇಲೆ ಹಾಳೆಗಳನ್ನು ಲಕೋಟೆಗೆ ಹಾಕಿ, ಅಂಟು ಹಚ್ಚಿ, ಮಡಿಕೆಯ ಮೇಲೆ ಅಡ್ಡಲಾಗಿ ಸಹಿ ಹಾಕಿದರು. ಪ್ರಶ್ನೆಪತ್ರಿಕೆಗಳನ್ನು ಹಾಗೇ ಮುಚ್ಚುತ್ತಿದ್ದರು, ಒಡೆದರೆ ಗೊತ್ತಾಗಬೇಕೆಂದು. ಆ ಅಭ್ಯಾಸ ಈಗಲೂ ಬಿಟ್ಟಿಲ್ಲ. ಕಿರಾಣಿ ಅಂಗಡಿಗೆ ಚೀಟಿ ಕಳಿಸಿದರೂ ಅಂಟು ಹಾಕಿ ಕಳಿಸುವ ಆಸಾಮಿ.

"ಒಳಗೆ ಎಲ್ಲ ಸರಿಯಾಗಿ ಬರೆದಿದ್ದೀರಲ್ಲ ಮಾವ?"

"ಏನೂ ಬಿಟ್ಟಿಲ್ಲ" ಎಂದರು. ಕಣ್ಣು ಕೆಂಪಾಗಿತ್ತು.

ಹೊರಡುವಾಗ ಅಮ್ಮ ಬಾಗಿಲ ತನಕ ಬಂದಳು. "ಹದಿನೆಂಟು ವರ್ಷ ನಾನೇ ಡಂಗುರ ಹೊಡ್ಕೊಂಡು ಬಂದೆನಲ್ಲೇ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಾನು ಅವಳಿಗೆ ಸಮಾಧಾನ ಹೇಳಿದೆ. ಆ ಹೊತ್ತಿಗೆ ನನಗೆ ಎಲ್ಲರನ್ನೂ ಕ್ಷಮಿಸುವಷ್ಟು ಔದಾರ್ಯ ಬಂದಿತ್ತು. ಮನೆಗೆ ಹೋಗಿ ಗಂಡನ ಮುಂದೆ ಲಕೋಟೆ ಹಿಡಿದು ತೋರಿಸಿದೆ. ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದುಡಿಯುವ ಅವನು ಬೆರಳಿನ ಇಂಕು ಒರೆಸಿಕೊಂಡು, "ನಿಮ್ಮ ಮಾವ ತಪ್ಪು ಒಪ್ಪಿಕೊಂಡ್ರಾ? ನಾಳೆ ಸೂರ್ಯ ಎಲ್ಲಿ ಹುಟ್ತಾನೋ ನೋಡ್ಕೊಂಡು ಹೋಗು" ಎಂದ. ಮಗಳೂ ನಕ್ಕಳು. ಹೊಸ ನಿಯಮ ಬಂದ ಮೇಲೆ ನಾವು ಮೂವರೂ ನಕ್ಕದ್ದು ಅದೇ ಮೊದಲು.

*

ಗುರುವಾರ ಮಧ್ಯಾಹ್ನ ಗುಮಾಸ್ತ ನನ್ನನ್ನು ನೋಡಿ ನಿಜವಾಗಿಯೂ ಖುಷಿಪಟ್ಟ. "ತಂದೇಬಿಟ್ರಾ! ಕೊಡಿ ಕೊಡಿ" ಎಂದು ಲಕೋಟೆ ಇಸಿದುಕೊಂಡು ಮೊದಲು ಅದರ ಮೇಲೆ ಧಡ್ ಎಂದು ಮುದ್ರೆ ಒತ್ತಿದ. ಬಂದ ಕಾಗದಗಳ ಪುಸ್ತಕದಲ್ಲಿ ಸಂಖ್ಯೆ ಬರೆದ. ಆಮೇಲೆ ಕತ್ತರಿಯಿಂದ ಅಂಚು ಕತ್ತರಿಸಿ ಹಾಳೆಗಳನ್ನು ಹೊರಗೆಳೆದು ಓದಲು ಶುರು ಮಾಡಿದ. ಮೂರು ಹಾಳೆ.

ಮೊದಲ ಹಾಳೆ ಮುಗಿಯುವಷ್ಟರಲ್ಲಿ ಅವನ ಮುಖದ ಬಣ್ಣ ಬದಲಾಯಿತು. "ಅಯ್ಯೋ ಮೇಷ್ಟ್ರೇ" ಎಂದ ತನ್ನಷ್ಟಕ್ಕೆ.

"ಏನಾಯ್ತು ಸಾರ್?"

ಅವನು ಓದಿ ಹೇಳಿದ: "'ಈ ಹನ್ನೆರಡು ಅಂಕ ಕೈತಪ್ಪಿನಿಂದ ಬಂದದ್ದಲ್ಲ. ವಿದ್ಯಾರ್ಥಿನಿ ನನ್ನ ಅಕ್ಕನ ಮಗಳಾದ್ದರಿಂದ, ಜನರು ನನ್ನನ್ನು ಅನುಮಾನಿಸಬಾರದೆಂದು, ಅವಳಿಗೆ ಸಲ್ಲಬೇಕಿದ್ದ ಹದಿನೇಳರಲ್ಲಿ ಐದನ್ನು ನಾನು ತಿಳಿದೂ ತಿಳಿದೂ ಕಿತ್ತುಕೊಂಡೆ. ಇದನ್ನು ತಪ್ಪು ಎಂದು ಕರೆದು ಸಣ್ಣದು ಮಾಡಲಾರೆ. ಇದು ಅನ್ಯಾಯ.'"

ನನಗೆ ಅರ್ಥವಾಗಲಿಲ್ಲ. ಇಷ್ಟು ಚೆನ್ನಾಗಿ ಬರೆದಿದ್ದಾರಲ್ಲ, ಇನ್ನೇನು ಬೇಕು ಎನಿಸಿತು.

"ಮೇಡಂ, ನಮ್ಮಲ್ಲಿ ತಪ್ಪು ಅಂದ್ರೆ ಕೈತಪ್ಪು. ಕೂಡೋವಾಗ ಆಗಿದ್ದು, ನಕಲು ಮಾಡೋವಾಗ ಆಗಿದ್ದು. ಬೇಕಂತಲೇ ಕೊಟ್ಟೆ ಅಂದ್ರೆ ಅದು ಮೇಷ್ಟ್ರ ತೀರ್ಮಾನ. ತೀರ್ಮಾನ ತಿದ್ದೋಕೆ ನಮಗೆ ಅಧಿಕಾರ ಇಲ್ಲ. ಇವರು ಕೈತಪ್ಪಲ್ಲ ಅಂತ ಮೊದಲನೇ ಸಾಲಲ್ಲೇ ಬಾಗಿಲು ಹಾಕಿಬಿಟ್ಟಿದ್ದಾರೆ. ಪೆನ್ಸಿಲ್ಲಿಂದ ಇಂಕಿಗೆ ಬರೆಯೋವಾಗ ಕೈತಪ್ಪಾಗಿದೆ ಅಂತ ಒಂದು ಸಾಲು ಹಾಕಿದ್ರೆ ಮುಗೀತಿತ್ತಲ್ಲ."

"ಬೇರೆ ಬರೆಸಿಕೊಂಡು ಬರ್ತೀನಿ. ಒಂದು ಗಂಟೆ ಕೊಡಿ. ಅರ್ಧ ಗಂಟೆ ಕೊಡಿ."

"ಒಂದು ಅಂಕಕ್ಕೆ ಒಂದೇ ಹೇಳಿಕೆ ಮೇಡಂ. ಮುದ್ರೆ ಬಿದ್ದು ಪುಸ್ತಕಕ್ಕೆ ಹತ್ತಿದೆ." ಅವನು ಆ ಮುದ್ರೆಯನ್ನು, ಅದನ್ನು ಒತ್ತಿದ ತನ್ನ ಕೈಯನ್ನು ನೋಡಿಕೊಂಡ. "ಓದಿ ಆಮೇಲೆ ಒತ್ತಬೇಕಿತ್ತು. ಅಭ್ಯಾಸ ನೋಡಿ."

ನಾನು ಬೇಡಿಕೊಂಡೆ. ಆ ಪುಟ ಹರಿದುಬಿಡಿ ಎಂದೆ. ಇಪ್ಪತ್ತು ಜನ ಕುಳಿತಿದ್ದ ಆ ಕೋಣೆಯಲ್ಲಿ, ಪರೀಕ್ಷೆಯಲ್ಲಿ ನಕಲು ಹೊಡೆದ ಮಕ್ಕಳನ್ನು ಹೊರಗೆ ನಿಲ್ಲಿಸುವ ನಾನು, ಸರಕಾರದ ಪುಸ್ತಕ ಹರಿಯಿರಿ ಎಂದು ದನಿಯೆತ್ತಿ ಅತ್ತೆ. ಅವನು ಕೊನೆಗೆ ನನ್ನ ಅಂಕಪಟ್ಟಿಯನ್ನು ಅಂಚು ಮುದುರದಂತೆ ಮಡಚಿ ಕೈಗೆ ಕೊಟ್ಟ.

ಅಲ್ಲಿಂದ ನೇರ ಮಾವನ ಮನೆಗೆ ಹೋದೆ. ಅವರು ಬಾಗಿಲಲ್ಲೇ ನಿಂತಿದ್ದರು, ಇಸ್ತ್ರಿ ಮಾಡಿದ ಅಂಗಿ ತೊಟ್ಟು. "ಆಯ್ತಾ?" ಎಂದರು.

"ಆಯ್ತು. ನಿಮ್ಮ ಸತ್ಯ ನನ್ನ ಕೆಲಸ ತಿಂದುಹಾಕ್ತು" ಎಂದು ಎಲ್ಲವನ್ನೂ ಹೇಳಿದೆ, ಬೀದಿಗೆ ಕೇಳುವಷ್ಟು ಜೋರಾಗಿ.

"ನಾನು ನಿಜ ಬರೆದೆನಲ್ಲ" ಎಂದರು ಮಾವ. ಮೊದಲ ಸಲ ಅವರ ದನಿ ಮುದುಕನದಾಗಿ ಕೇಳಿತು.

"ನಿಜ ಬರೀಬೇಕಾಗಿದ್ದು ಆವತ್ತು ಮಾವ. ಆ ಚೌಕದಲ್ಲಿ. ಎರಡು ಅಂಕಿ ಸಾಕಿತ್ತು."

ತಾವೇ ಕಚೇರಿಗೆ ಹೋಗಿ ಮಾತಾಡುತ್ತೇನೆ ಎಂದು ಚಪ್ಪಲಿ ಹುಡುಕಿದರು. ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ. ಬೇಡ ಎಂದು ನಾನೇ ಅವರ ಕೈಹಿಡಿದು ಕೂರಿಸಿದೆ. ಅವರು ಅಳುತ್ತಿದ್ದರು. ಅವರ ಮೇಲೆ ಸಿಟ್ಟು ಇಳಿಯಲಿಲ್ಲ, ಸುಳ್ಳು ಯಾಕೆ ಹೇಳಲಿ. ಆದರೂ ಅಳು ನಿಲ್ಲುವ ತನಕ ಕೈ ಬಿಡಲಿಲ್ಲ.

*

ಶುಕ್ರವಾರ ಶಾಲೆಗೆ ಹೋದೆ. ಸಂಜೆಯ ತನಕ ನಾನು ಟೀಚರು. ಅದರ ಮೇಲೆ ಹತ್ತನೇ ತರಗತಿಯ ಎರಡನೇ ಅವಧಿಯ ಆಂತರಿಕ ಅಂಕಗಳನ್ನು ಅಂದೇ ಕಳಿಸಬೇಕಿತ್ತು. ಪೆನ್ಸಿಲ್ಲಿನಲ್ಲಿ ಹಿಂದಿನ ವಾರವೇ ಬರೆದಿದ್ದೆ, ಇಂಕು ಹಾಕುವುದು ಬಾಕಿ. ಸ್ಟಾಫ್ ರೂಮಿನಲ್ಲಿ ಎಲ್ಲರೂ ನನ್ನೊಡನೆ ಮೆತ್ತಗೆ ಮಾತಾಡುತ್ತಿದ್ದರು, ಸಾವಿನ ಮನೆಯಲ್ಲಿ ಮಾತಾಡಿದ ಹಾಗೆ. ನಾನು ಮೂಲೆಯ ಮೇಜಿಗೆ ಹೋಗಿ ರಿಜಿಸ್ಟರ್ ತೆರೆದೆ.

ನನ್ನ ಮಗಳು ಆ ತರಗತಿಯಲ್ಲೇ ಇದ್ದಾಳೆ. ಗೇಟಿನ ಒಳಗೆ ನಾನು ಅವಳಿಗೆ ಮಿಸ್, ಗೇಟು ದಾಟಿದರೆ ಅಮ್ಮ. ಅವಳು ಸೇರಿದ ದಿನವೇ ಮಾಡಿಕೊಂಡ ಕಟ್ಟಳೆ. ಅವಳದು ಇಪ್ಪತ್ತಮೂರನೇ ಸಾಲು. ಇಪ್ಪತ್ತೆರಡರ ತನಕ ಇಂಕು ಹಾಕುತ್ತ ಬಂದ ಕೈ ಅಲ್ಲಿ ನಿಂತಿತು. ಮೂಲೆಯಲ್ಲಿ ಪೆನ್ಸಿಲ್ಲಿನ ಹತ್ತೊಂಬತ್ತು ಇತ್ತು. ನನ್ನ ಪೆನ್ನಿನ ತುದಿಯಲ್ಲಿ ಹದಿನಾಲ್ಕು ಸಿದ್ಧವಾಗಿ ಕುಳಿತಿತ್ತು.

ನನಗೆ ಗೊತ್ತಿರಲಿಲ್ಲ ಎಂದರೆ ಅದು ಸುಳ್ಳು. ಪುಟ ತಿರುಗಿಸಿ ಮೊದಲ ಅವಧಿಯ ಪಟ್ಟಿ ನೋಡಿದೆ. ಅಳಿಸಿದ ಮೂಲೆಯಲ್ಲಿ ಹದಿನೆಂಟರ ತಗ್ಗು, ನಡುವೆ ಇಂಕಿನ ಹದಿಮೂರು. ಆಗ ಸ್ಟಾಫ್ ರೂಮಿನಲ್ಲಿ ಯಾರೋ ಅಂದಿದ್ದರು: "ಮಗಳು ನಿಮ್ಮ ಕ್ಲಾಸೇ ಅಲ್ವಾ, ನಿಮಗೇನ್ ಚಿಂತೆ ಬಿಡಿ." ನಾನು ನಕ್ಕಿದ್ದೆ. ಮನೆಗೆ ಹೋಗಿ ಹದಿನೆಂಟು ಬರೆದು ಮಲಗಿದ್ದೆ. ಬೆಳಿಗ್ಗೆ ಹದಿಮೂರು ಬರೆದಿದ್ದೆ. ಹದಿಮೂರು ನೋಡಿ ಮಗಳು, "ನಿಮ್ಮ ಕ್ಲಾಸಲ್ಲಿ ನಂಗೆ ಲೆಕ್ಕ ಬರಲ್ಲ ಅನ್ಸುತ್ತೆ ಮಿಸ್" ಎಂದಿದ್ದಳು. ಇನ್ನೂ ಓದು ಎಂದು ಬುದ್ಧಿ ಹೇಳಿ ಕಳಿಸಿದ್ದೆ. ನನ್ನ ಈ ಕಟ್ಟುನಿಟ್ಟನ್ನು ನಾನೇ ಇಬ್ಬರು ಟೀಚರುಗಳ ಕಿವಿಗೆ ಹಾಕಿದ್ದೆ ಕೂಡ.

ಮಾವನ ಮನೆ ಬಾಗಿಲಲ್ಲಿ ನಿಂತು ನಾನು ಹಿಂದಿನ ದಿನ ಕಿರುಚಿದ ಮಾತುಗಳೆಲ್ಲ ಒಂದೊಂದಾಗಿ ನನ್ನ ಮುಂದೆಯೇ ಬಂದು ನಿಂತವು.

ಇಪ್ಪತ್ತಮೂರನೇ ಚೌಕದಲ್ಲಿ ಹತ್ತೊಂಬತ್ತು ಎಂದು ಇಂಕಿನಲ್ಲಿ ಬರೆದೆ. ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡೆ. 'ಮೊದಲ ಅವಧಿಯ ಇಪ್ಪತ್ತಮೂರನೇ ವಿದ್ಯಾರ್ಥಿನಿಯ ಗಣಿತದ ಆಂತರಿಕ ಅಂಕವನ್ನು ಪೆನ್ಸಿಲ್ಲಿನಿಂದ ಇಂಕಿಗೆ ನಕಲು ಮಾಡುವಾಗ ನನ್ನಿಂದ ಕೈತಪ್ಪಾಗಿದೆ. ಹದಿಮೂರರ ಬದಲು ಹದಿನೆಂಟು ಎಂದು ಓದಿಕೊಳ್ಳಬೇಕು.' ಎರಡೇ ಸಾಲು. ಅಂಟು ಹಾಕಲಿಲ್ಲ. ಬಿಚ್ಚಿಟ್ಟ ಹಾಳೆಯನ್ನೇ ಹೆಡ್‌ಮಿಸ್ ಕೈಗೆ ಕೊಟ್ಟೆ.

ಅವರು ಓದಿ, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಮಗಳದೇ ಕೈತಪ್ಪಾಯ್ತಾ? ಅದೂ ಕೊನೇ ದಿನ ಗೊತ್ತಾಯ್ತಾ?"

"ಹೌದು ಮೇಡಂ."

"ಜನ ಏನಂತಾರೆ ಗೊತ್ತಲ್ಲ? ಹೋಗ್ತಾ ಹೋಗ್ತಾ ಮಗಳಿಗೆ ಮಾರ್ಕ್ ಕಟ್ಟಿಕೊಟ್ಟು ಹೋದ್ಲು ಅಂತಾರೆ."

"ಅನ್ನಲಿ."

ಅವರು ರಿಜಿಸ್ಟರನ್ನು ಬೆಳಕಿಗೆ ಓರೆ ಮಾಡಿ ಮೂಲೆಯ ತಗ್ಗನ್ನು ನೋಡಿದರು. ಅವರೂ ಮೂವತ್ತು ವರ್ಷ ಅಂಕ ಬರೆದವರು. ಇನ್ನೇನೂ ಕೇಳದೆ ಕೆಳಗೆ ತಮ್ಮ ಸಹಿ ಹಾಕಿದರು. "ಇವತ್ತಿಗೆ ನಿಮ್ಮ ಸಹಿ ನಡೆಯುತ್ತೆ. ಬೇಗ ಹಾಕಿ" ಎಂದರು. ನನ್ನ ಹೆಸರಿನ ಕೆಳಗೆ ಗಣಿತ ಶಿಕ್ಷಕಿ ಎಂದು ಬರೆದೆ. ಅಕ್ಷರ ಸೊಟ್ಟಗಾಯಿತು. ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಗಂಟೆ ಹೊಡೆದ ಮೇಲೆ ಮಗಳು ಗೇಟಿನ ಹತ್ತಿರ ಕಾಯುತ್ತಿದ್ದಳು. ನನ್ನ ಕೈಯಲ್ಲಿ ಹದಿನಾಲ್ಕು ವರ್ಷದ ಸಾಮಾನೆಲ್ಲ ಒಂದು ಚೀಲದಲ್ಲಿತ್ತು: ಎರಡು ಸ್ಕೇಲು, ದೊಡ್ಡ ಮರದ ಕೈವಾರ, ಚಾಕ್ ಡಬ್ಬಿ, ನೀರಿನ ಬಾಟಲು. ಅವಳು ಚೀಲ ಇಸಿದುಕೊಂಡಳು. ಗೇಟು ದಾಟಿದೆವು.

"ಅಮ್ಮ, ಹೆಡ್‌ಮಿಸ್ ಕರೆದು ಹೇಳಿದ್ರು. ಮೊದಲನೇ ಟರ್ಮಲ್ಲಿ ನಂಗೆ ಹದಿನೆಂಟಂತೆ. ನಿನ್ನ ಕೈತಪ್ಪಾಗಿತ್ತಂತೆ." ಅವಳ ಮುಖ ಅರಳಿತ್ತು. "ನಂಗೆ ಲೆಕ್ಕ ಬರುತ್ತೆ ಹಾಗಾದ್ರೆ!"

ಅಲ್ಲಿಗೇ ಬಿಟ್ಟಿದ್ದರೆ ಆಗುತ್ತಿತ್ತು. ಕಾಗದದ ಮೇಲೆ ಸುಳ್ಳು ಬರೆದಾಗಿತ್ತು, ಅದು ತನ್ನ ಕೆಲಸ ಮಾಡಿಯೂ ಆಗಿತ್ತು. ಆದರೆ ಹದಿನೆಂಟು ವರ್ಷ ಒಂದು ಕಥೆಗೆ ನಗುತ್ತ ಕೂರುವುದು ಹೇಗಿರುತ್ತದೆ ಎಂದು ನನಗೆ ಗೊತ್ತಿತ್ತು.

"ಕೈತಪ್ಪಲ್ಲ ಪುಟ್ಟಿ. ಕಚೇರಿಗೆ ಹಾಗೆ ಬರೆದೆ, ಅಷ್ಟೇ. ನೀನು ನನ್ನ ಮಗಳು ಅಂತ, ಜನ ಆಡ್ಕೋತಾರೆ ಅಂತ, ನಾನು ಬೇಕಂತಲೇ ಕಮ್ಮಿ ಕೊಟ್ಟಿದ್ದೆ."

ಅವಳು ನಿಂತಳು. ಶಾಲೆಯ ಮಕ್ಕಳು ಎರಡೂ ಕಡೆಯಿಂದ ನಮ್ಮನ್ನು ದಾಟಿಕೊಂಡು ಹೋಗುತ್ತಿದ್ದರು, ಕೆಲವರು ನನಗೆ ಬಾಯ್ ಮಿಸ್ ಎಂದು ಕೂಗಿದರು. ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಗೇಟು ನಮ್ಮ ಹಿಂದೆ ಇಪ್ಪತ್ತು ಹೆಜ್ಜೆ ಆಚೆ ಇತ್ತು.

"ಎಷ್ಟು ಕಮ್ಮಿ ಕೊಟ್ಟಿದ್ರಿ ಮಿಸ್?" ಎಂದು ಕೇಳಿದಳು.

"ಐದು" ಎಂದೆ.

ಅವಳು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡು ಮುಂದೆ ಹೋದಳು. ಅದರೊಳಗೆ ಸ್ಕೇಲು ಕೈವಾರಕ್ಕೆ ತಾಗಿ ಸದ್ದಾಗುತ್ತಿತ್ತು. ನಾನು ಆ ಸದ್ದಿನ ಹಿಂದೆ ನಡೆದೆ.